ಊದುಗೊಳವೆ

ಒಪ್ಪಂದದಲ್ಲಿ ಹದಿನೇಳು ಪುಟ.
ನಮ್ಮದು ದಾವಣಗೆರೆಯಲ್ಲಿ ಸೈಕಲ್ ಅಂಗಡಿಯ ಮೇಲಿನ
ಎರಡು ಕೋಣೆಯ ಸಂಸ್ಥೆ,
ಅವರದು ಹಿಮ ಬೀಳುವ ಊರಿನ ವಿದ್ಯಾಪೀಠ.
ಸಹಿ ಹಾಕುವ ಹೊತ್ತಿಗೆ ಕರೆಂಟು ಹೋಯಿತು,
ಪರದೆಯ ಮೇಲಿನ ಐದು ಮುಖ
ನಗುನಗುತ್ತಲೇ ಕಲ್ಲಾದವು.

ಮೂರನೆಯ ಪುಟದಲ್ಲೊಂದು ಪದ. ಕನ್ನಡಕ್ಕೆ ತರುವುದು ನನ್ನ ಕೆಲಸ.
ಫಲಾನುಭವಿ ಎಂದು ಬರೆದೆ.
ಬರೆದು ಕಿಟಕಿಯಾಚೆ ನೋಡಿದೆ:
ಮಂಡಕ್ಕಿ ಭಟ್ಟಿಗಳ ಕಡೆಯಿಂದ ಹೊಗೆ,
ಹೊಟ್ಟಿನದು ಬೂದಿ, ಟೈರಿನದು ಕಪ್ಪು.
ಯಾವ ಫಲ, ಯಾರ ಅನುಭವ,
ಹೊಡೆದುಹಾಕಿದೆ.
ಬೇರೆ ಪದ ಸಿಗದೆ ಸಂಜೆ ಮತ್ತೆ ಅದನ್ನೇ ಬರೆದೆ.

ಮೆಷಿನ್ನು ಬಂತು. ಅಂಗೈಯಗಲದ ಪೆಟ್ಟಿಗೆ, ಒಂದು ಬಿಳಿ ಕೊಳವೆ,
ಉಸಿರು ಅಳೆಯಲಿಕ್ಕೆ.
ಜೊತೆಗೆ ಸೂಚನೆ: ಪೂರ್ಣವಾಗಿ ಶ್ವಾಸ ಒಳಗೆಳೆದುಕೊಂಡು
ಗರಿಷ್ಠ ಬಲದಿಂದ ಹೊರಹಾಕತಕ್ಕದ್ದು.
ಈ ವಾಕ್ಯವೂ ನನ್ನದೇ. ನಾಲ್ಕು ಸಲ ತಿದ್ದಿ ತಜ್ಞರು ಒಪ್ಪಿದ್ದು.

ಮೊದಲ ದಿನ ಹನ್ನೊಂದು ಮಂದಿ ಊದಿದರು,
ಒಂದೂ ಸರಿಬರಲಿಲ್ಲ.
ಒಬ್ಬಳು ಸೆರಗಿನೊಳಗೇ ಕೆಮ್ಮಿ ಎದ್ದುಹೋದಳು.
ಪೆಟ್ಟಿಗೆ ಪ್ರತಿ ಸಲ ಕುಂಯ್ ಎಂದು ಕೆಂಪು ತೋರಿಸಿತು.

ಹನ್ನೆರಡನೆಯವಳು ಜೈತುನ್‌ಬಿ.
ಇಪ್ಪತ್ತಾರು ವರ್ಷದಿಂದ ರಾತ್ರಿ ಎರಡಕ್ಕೆದ್ದು
ಕಾದ ಉಸುಕಿನಲ್ಲಿ ಅಕ್ಕಿ ಹುರಿಯುವವಳು.
ಹುಬ್ಬು ಸುಟ್ಟು ತೆಳುವಾಗಿದೆ, ಮುಂಗೈಯಲ್ಲಿ ಒಂದೂ ಕೂದಲಿಲ್ಲ.
ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು,
ಈ ತುದಿಗೆ ಕಣ್ಣಿಟ್ಟು ಆ ತುದಿ ಹುಡುಕಿದಳು.
"ಊದುಗೊಳವಿ ಖರೆ. ಒಲೆ ಎಲ್ಲೈತವ್ವಾ?"

ನಾನಿನ್ನೂ ಉತ್ತರ ಹುಡುಕುತ್ತಿದ್ದೆ.
ಅವಳು ಕಣ್ಣು ಮುಚ್ಚಿ ಊದಿದಳು.
ಹಸಿರು.

ಆಮೇಲೆ ನಮ್ಮ ಸೂಚನೆಯ ಹಾಳೆಯ ಮೇಲೆ ಚಾದ ಲೋಟ ಇಟ್ಟು
ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಅವಳೇ ಹೇಳಿದಳು:
"ಒಲೆ ಆರಾಕ ಹತ್ತೈತಿ, ಮನ್ಯಾಗೆ ಕಡ್ಡಿಪೆಟ್ಗಿ ಇಲ್ಲ. ಊದು."
ಮೂವತ್ತೆಂಟು ಮಂದಿ ಊದಿದರು.

ಹಸಿರೆಂದರೆ ಅಳತೆ ಸಿಕ್ಕಿತು ಎಂದಷ್ಟೇ,
ಎದೆ ಚೆನ್ನಾಗಿದೆ ಎಂದಲ್ಲ.
ಅವಳದು ಇರಬೇಕಾದುದರ ಅರ್ಧ. ಹೇಳಿದೆ.
"ಉಳಿದಿದ್ದು ಎಲ್ಲಿ ಹೋತು ಅಂತ ನಾ ಹೇಳ್ಲೇನು?" ಎಂದವಳು
ಹೇಳಲಿಲ್ಲ. ಮಡಿಲಿನಿಂದ ಒಂದು ಹಿಡಿ ಮಂಡಕ್ಕಿ ತೆಗೆದು
ನನ್ನ ಬೊಗಸೆಗೆ ಸುರಿದಳು.
ಇನ್ನೂ ಬಿಸಿಯಿತ್ತು.

ಆ ಮಾತನ್ನು ವರದಿಯಲ್ಲಿ ಬರೆದೆ. ಅವರಿಗೆ ಹಿಡಿಸಿತು.
ಈಗದು ಕೈಪಿಡಿಯಲ್ಲಿದೆ, ಇನ್ನೂ ಆರು ಭಾಷೆಗಳಲ್ಲಿ.
ಎಲ್ಲೋ ಇಟ್ಟಿಗೆ ಸುಡುವವಳೊಬ್ಬಳು,
ಎಲ್ಲೋ ಹೊಗೆಯಲ್ಲಿ ಮೀನು ಒಣಗಿಸುವವಳೊಬ್ಬಳು
ಆರುತ್ತಿರುವ ತನ್ನ ಒಲೆ ನೆನೆದು ಊದುತ್ತಿರಬಹುದು.
ಕೆಳಗೆ ಸಣ್ಣಕ್ಷರ: ಫಲಾನುಭವಿಯೊಬ್ಬರ ಮಾತು.

ಹೆಸರು ಹಾಕಿ ಎಂದು ಕೇಳಿದೆ.
ಗೋಪ್ಯತೆಯ ನಿಯಮ, ಹದಿನಾಲ್ಕನೆಯ ಪುಟ ಎಂದರು.
ನಾನೇ ಅನುವಾದಿಸಿದ ಪುಟ.

ಬೇಸಿಗೆಯ ಹೊತ್ತಿಗೆ ಒಂದು ಭಟ್ಟಿಗೆ ಎತ್ತರದ ಚಿಮಣಿ ಬರುತ್ತದಂತೆ.
ಮೆಟ್ಟಿಲು ಹತ್ತಲಾಗದ ಜೈತುನ್‌ಬಿ
ಸೈಕಲ್ ಅಂಗಡಿಯ ಮುಂದೆ ನಿಂತು ಕೂಗುತ್ತಾಳೆ,
"ಏನವ್ವಾ,"
ಒಮ್ಮೆ ಉಸಿರು ಎಳೆದುಕೊಂಡು,
"ಬಂತಾ?"