ಪಬ್ಬಿನ ವಂಶಾವಳಿ, ಕೆಳಗಿನಿಂದ ಮೇಲಕ್ಕೆ

ನಾಣ್ಯವೊಂದನ್ನು ಅಂಚಿನ ಮೇಲೆ ನಿಲ್ಲಿಸಿ
ನೆಲಕ್ಕೆ ಬಿಟ್ಟರೆ ಸಾಕು,
ತಾನೇ ಉರುಳುತ್ತದೆ ಪಡುವಣ ಮೂಲೆಗೆ.
ಹೊಸಬರಿಗೆ ಇದನ್ನು ತೋರಿಸಿ ನಗುವುದು
ಇಲ್ಲಿನವರು ಮಾಡುವ ಮೊದಲ ಮರ್ಯಾದೆ.

ಚೆಷೈರಿನ ನೆಲದಡಿ ಉಪ್ಪು.
ಅದರ ನೀರನ್ನು ಮೇಲೆತ್ತಿ
ಕಬ್ಬಿಣದ ಬಾಣಲೆಗಳಲ್ಲಿ ಹಗಲಿರುಳು ಕುದಿಸಿದರು.
ಬರಿಮೈಯ ಲಂಪ್‌ಮನ್‌ಗಳು
ಹಬೆಯೊಳಗೆ ನಿಂತು ಬಿಳಿಯನ್ನು ಬಾಚಿದರು.
ಉಪ್ಪು ತಿಂದವ ನೀರು ಕುಡಿಯಲೇಬೇಕು, ಸರಿ.
ಉಪ್ಪು ಬೇಯಿಸಿದವ?
ಅವನಿಗೆಂದೇ ಬಾಗಿಲು ತೆರೆದ ಈನಕ್ ಪ್ಲಂಬ್ಲಿ,
ವಿಕ್ಟೋರಿಯಾ ಪಟ್ಟಕ್ಕೆ ಬಂದ ಮರುವರ್ಷ.
ಹಲಗೆಗೆ ಬರೆಸಿದ: ಲಂಪ್‌ಮನ್ಸ್ ರೆಸ್ಟ್.

ಬರೆಸಿದ, ಓದಲಾರ.
ಸಾಲದ ಸ್ಲೇಟಿನ ಮೇಲೆ ಸೀಮೆಸುಣ್ಣದ ಚಿತ್ರ:
ದೊಡ್ಡ ಕಿವಿಯವನಿಗೆ ಕಿವಿ,
ವೀವರ್ ನದಿಯ ಅಂಬಿಗನಿಗೆ ದೋಣಿ,
ಪಾದ್ರಿಯ ತಮ್ಮನಿಗೆ ಶಿಲುಬೆ, ಅದರ ಕೆಳಗೆ
ಎಣಿಸಲಾರದಷ್ಟು ಗೀಟು.
ಅವನು ಸತ್ತ ದಿನ ಮಗಳು ಕೆಜೈಯಾ
ಮನೆಯೆಲ್ಲ ತೊಳೆದಳು,
ಸ್ಲೇಟು ಮಾತ್ರ ಒರೆಸಲಿಲ್ಲ.

ಬಾಗಿಲ ಮೇಲೆ ಗಂಡನ ಹೆಸರು, ಸೆಪ್ಟಿಮಸ್ ಯಾರ್‌ವುಡ್.
ಬೀಗದ ಕೈ ಅವಳ ಸೊಂಟದಲ್ಲಿ,
ಮೂವತ್ತೊಂದು ವರ್ಷ.

ಆ ಚಳಿಗಾಲ ಹದಿನಾರರ ಹುಡುಗನೊಬ್ಬ
ಕುದಿವ ಬಾಣಲೆಗೆ ಬಿದ್ದ.
ವಿಚಾರಣೆ ಇಲ್ಲೇ ನಡೆಯಿತು,
ಅಷ್ಟುದ್ದದ ಮೇಜು ಬೇರೆಲ್ಲೂ ಇರಲಿಲ್ಲ.
ಹನ್ನೆರಡು ಪಂಚರು ನೋಡಿದರು, ಮುಖ ತಿರುಗಿಸಿದರು,
ಆಕಸ್ಮಿಕ ಎಂದು ಬರೆಸಿ
ಬಾಯಾರಿ ಕುಳಿತರು.
ಪೀಪಾಯಿ ಖಾಲಿ, ಎಂದಳು ಕೆಜೈಯಾ.
ನೆಲಮಾಳಿಗೆಯಲ್ಲಿ ಏಳು ತುಂಬಿದ್ದವು.

ಅದೇ ವಸಂತದಲ್ಲಿ ನೆಲಮಾಳಿಗೆಗೆ ಉಪ್ಪುನೀರು ಬಂತು.
ಹುಡುಗನ ಶಾಪ ಎಂದರು ಕೆಲವರು.
ಪಂಪುಗಳನ್ನು ಯಾರೂ ನಿಲ್ಲಿಸಲಿಲ್ಲ.
ಮೂರು ಮೆಟ್ಟಿಲು ಹತ್ತಿ ಬರುತ್ತಿದ್ದವರು
ರಸ್ತೆಯಿಂದ ನೇರ ನಡೆದು ಬಂದರು,
ಆಮೇಲೆ ಎರಡು ಮೆಟ್ಟಿಲು ಇಳಿದು.
ಬರುವಾಗ ಇಳಿತ, ಕುಡಿದ ಮೇಲೆ ಏರು!
ಹೆಂಗಸರು ಹೊರಗೆ ನಿಂತು ನಕ್ಕರು.

ಒಬೆಡ್ ಲೆದರ್ ಬಂದ, ಬಡಗಿಯ ಮಗ,
ಕೊರಗುವ ಜಾತಿಯವನಲ್ಲ.
ಮಣ್ಣು ಸೇರುತ್ತಿದ್ದ ಅಂತಸ್ತಿಗೆ ಮೊಳೆ ಹೊಡೆದ,
ಮಹಡಿಯ ಕಿಟಕಿಯನ್ನು ಬಾಗಿಲು ಮಾಡಿದ,
ಮಲಗುವ ಕೋಣೆಗೆ ಬಿಯರ್ ನಲ್ಲಿ ತಂದ.
ಕೆಜೈಯಾ ಐವರನ್ನು ಹೆತ್ತ, ಇಬ್ಬರನ್ನು ಕಳೆದುಕೊಂಡ ಕೋಣೆ.
ಅವಳಿನ್ನೂ ಇದ್ದಳು.
ಎಂಬತ್ತರ ಮುದುಕಿ, ಶಾಲು ಹೊದ್ದು
ತನ್ನದೇ ಮಂಚವಿದ್ದ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು
ನಲವತ್ತು ಗಂಡಸರನ್ನು ಗದರಿದಳು:
ಕಾಲೊರೆಸಿಕೊಂಡು ಬನ್ನಿ,
ಇದು ನನ್ನ ಮಲಗುವ ಕೋಣೆ.
ಒರೆಸಿಕೊಂಡೇ ಬಂದರು, ಅವಳು ಹೋದ ಮೇಲೂ.

ಮುಂದಿನವರ ಮಾತು ಉದ್ದವಿಲ್ಲ.
ಒಬ್ಬ ಬಿಯರಿಗೆ ನೀರು ಬೆರೆಸಿ ದಂಡ ತೆತ್ತ.
ಒಬ್ಬ ಯುದ್ಧಕ್ಕೆ ಹೋದ, ಹಲಗೆಯ ಮೇಲೆ
ಬಣ್ಣ ಆರುವ ಮುನ್ನವೇ.
ಒಬ್ಬನ ಹೆಸರು ಅವನ ಹೆಂಡತಿಯೇ ಕೆರೆದು ಹಾಕಿದ್ದಾಳೆ,
ಕಾರಣ ಊರಿಗೆ ಗೊತ್ತು, ಹೇಳುವುದಿಲ್ಲ.

ಈಗ ಮರ್ಲ್ ಆಂಟ್ರೋಬಸ್.
ನಮ್ಮ ಕಾಲ ಕೆಳಗೆ
ಈನಕ್‌ನ ಮೊದಲ ಪಡಸಾಲೆ ಹಾಗೇ ಇದೆ ಎನ್ನುತ್ತಾಳೆ,
ಮೇಜು, ಲಾಟೀನು, ಗೋಡೆಗೆ ಸ್ಲೇಟು,
ಕುತ್ತಿಗೆಮಟ್ಟ ನಿಂತ ಉಪ್ಪುನೀರು.
ಉಪ್ಪಿನಲ್ಲಿಟ್ಟದ್ದು ಕೆಡುವುದುಂಟೆ?
ಸಾಲವೂ ಕೆಟ್ಟಿರಲಿಕ್ಕಿಲ್ಲ.

ಪಡುವಣ ಮೂಲೆಯ ಹಲಗೆಯಲ್ಲಿ ಬಿರುಕು.
ಮುಚ್ಚಿಸಿಲ್ಲ ಅವಳು.
ಶನಿವಾರ ರಾತ್ರಿ, ಕೊನೆಯ ಗಂಟೆ ಹೊಡೆದ ಮೇಲೆ
ಒಂದು ನಾಣ್ಯ ಬಿಡುತ್ತಾಳೆ.
ಅದು ಉರುಳಿ, ತೂರಿ, ಬಿದ್ದು
ಕೆಳಗೆ ನೀರು ಮುಟ್ಟುವವರೆಗೆ
ಯಾರೂ ಲೋಟ ಎತ್ತುವುದಿಲ್ಲ.

ಯಾರ ಲೆಕ್ಕಕ್ಕೆ ಇದು, ಎಂದೆ.
ಮರ್ಲ್ ನಕ್ಕು
ಕೂದಲನ್ನು ಹಿಂದಕ್ಕೆ ಸರಿಸಿ
ಕಿವಿ ತೋರಿಸಿದಳು.