ಗಿರಣಿ ಪಾಲು

ಕೋರ್ಟಿನಾಗ ಕೇಳಿದ್ರು, ಗಿರಣಿ ಯಾರ ಹೆಸರಿಗದ?
ಅವನ ಹೆಸರಿಗದ.
ಮೀಟರ್ ಅವನ ಹೆಸರಿಗೆ, ಲೈಸೆನ್ಸ್ ಅವನ ಹೆಸರಿಗೆ,
ಹತ್ತು ಎಚ್‌ಪಿ ಮೋಟಾರಿನ ರಸೀದಿ ಅವನ ಹೆಸರಿಗೆ.
ಬಾಗಿಲ ಮ್ಯಾಲಿನ ಬೋರ್ಡೊಂದೇ ನನ್ನ ಹೆಸರಿಂದು:
ಜಗದೇವಿ ಹಿಟ್ಟಿನ ಗಿರಣಿ, ಆಳಂದ ನಾಕಾ, ಕಲಬುರಗಿ.
ಅದು ಪ್ರೀತಿಲೆ ಬರೆಸಿದ್ದು, ಅಂದ ಅವನ ವಕೀಲ.
ಪ್ರೀತಿಗೆ ಖಾತಾ ಇರೂದಿಲ್ಲಂತ.

ಆ ಮೋಟಾರಿಗೆ ಪಾಟ್ಲಿ ಮಾರಿದವಳು ನಾನು.
ಸರಾಫ ಕೊಟ್ಟ ಚೀಟಿ
ಯಾವ ಡಬ್ಬಿಯಾಗ ಇಟ್ಟೆ, ಯಾವ ದೀಪಾವಳಿಗೆ ಕಸದಾಗ ಹೋತು.
ಗಂಡ ಹೆಂಡತಿ ನಡುವಿನ ರಸೀದಿ ಯಾರು ಕಾಯ್ತಾರ್ರಿ?
ಕಾಯ್ದವರಿದ್ರ ಅವರು
ಅಕ್ಕಿಕಾಳು ಬಿದ್ದ ದಿನಾನೇ ಕೋರ್ಟಿನ ಮೆಟ್ಟಲ ಎಣಿಸಿದವರು.
ಯಾಕ ಬಿಟ್ಟಿರಿ ಅಂತ ಕೇಳಬ್ಯಾಡ್ರಿ.
ಅದು ಬ್ಯಾರೆ ಕೇಸು.

ನನ್ನ ಕಡೆ ಉಳದದ್ದು ಉದ್ರಿ ವಹಿ ಒಂದೇ.
ಮಹಬೂಬಬಿ, ಜೋಳ ನಾಕು ಸೇರು, ಬಾಕಿ.
ಹೂಗಾರ ಕಾಶಮ್ಮ, ಗೋದಿ, ಅರ್ಧ ಕೊಟ್ಟಾಳ.
ನನ್ನ ಅಕ್ಷರ, ನನ್ನ ಬೆರಳಿನ ಹಿಟ್ಟು ಹಾಳಿ ಹಾಳಿಗೆ.
ಯಾರರೆ ಬರೀಬಹುದು, ಅಂದ ವಕೀಲ.
ಜಡ್ಜ್ ಸಾಹೇಬರು ಕನ್ನಡಕ ತೆಗದು, ಹಾಕ್ಕೊಂಡು,
ಕಮಿಷನರ್ ಹೋಗಿ ನೋಡಿ ಬರಲಿ ಅಂದ್ರು.

ಬಂದಾಕಿ ನುಜಹತ್ ಮೇಡಂ. ಸಣ್ಣ ವಯಸ್ಸು.
ಏಪ್ರಿಲ್ಲಿನ ಹನ್ನೆರಡರ ಬಿಸಲಿಗೆ ಕರಿ ಕೋಟು.
ಅಂಬಾರಾಯ ಕೀಲಿ ತೆಗದ.
ಎಂಟು ತಿಂಗಳ ಮ್ಯಾಲ ಆ ವಾಸನಿ ಮೂಗಿಗೆ ಬಂತು,
ಬೆಲ್ಟಿನ ರಬ್ಬರು, ಹಳೀ ಜೋಳ,
ನಾವಿಬ್ರೂ ಕೂಡಿ ಹೊಡೆದ ಗ್ವಾಡಿ ಸುಣ್ಣ.
ಮೇಡಂ ಬರಕೊಂತ ಹೋದ್ರು: ಮೋಟಾರು ಒಂದು,
ಬೆಲ್ಟು ಎರಡು, ಒಂದು ಸವದದ್ದು,
ತಕ್ಕಡಿ. ಜರಡಿ. ಕಾಲು ಮುರದ ಸ್ಟೂಲು.
ನಡೀತದೇನು? ಕೇಳಿದ್ರು.
ಯಾರೋ ಬಿಟ್ಟು ಹೋದ ಎರಡು ಸೇರು ಜೋಳ ಸುರುವಿ
ಅವ ಸ್ವಿಚ್ ಒತ್ತಿದ.

ಸುಮ್ಮ ನಿಂತಿದ್ದೆ ನಾ, ಖರೆ ಹೇಳ್ತೀನಿ.
ಕೈ ತಾನೇ ಹೋತು.
ಹಿಟ್ಟು ಬೀಳೂ ಬಾಯಿಗೆ ಅಂಗೈ ಒಡ್ಡಿ
ಹೆಬ್ಬೆರಳಿಲೆ ಉಜ್ಜಿದೆ. ಸುಡತಿತ್ತು.
ಕಲ್ಲು ಬಿಗಿ ಆಗ್ಯಾವ, ಕಾಲು ಸುತ್ತು ಸಡಿಲ ಮಾಡು,
ಇಲ್ಲಂದ್ರ ರೊಟ್ಟಿ ಹರೀತಾವ,
ಅಂದೆ. ಮೇಡಂಗಲ್ಲ. ಅವನಿಗೂ ಅಲ್ಲ.
ಯಾವ ಗಾಲಿ ಅಂತ ಅಂಬಾರಾಯ ನನ್ನ ಮಾರಿ ನೋಡಿದ,
ಹದಿನಾಲ್ಕು ವರ್ಷದ ಮಾಲಕ.

ನಾನೇ ತಿರುವಿದೆ.
ದನಿ ಇಳೀತು, ತಂಪಾತು.
ರಸ್ತಾದ ಆ ಕಡೆಯಿಂದ ಮಹಬೂಬಬಿ ಕೂಗಿದ್ಲು,
ಜಗದೇವಿ ಬಂದಾಳೇನೋ ಒಳಗ?

ಮೇಡಂ ಪೆನ್ನು ಎತ್ತಿದ್ರು. ಬಾಳೊತ್ತು ಬರದ್ರು.
ಇಂಗ್ಲಿಷಿನಾಗ, ನನಗ ಓದಾಕ ಬರಲಿಲ್ಲ.
ಕರಿ ಕೋಟಿನ ಹೆಗಲು ಬೆಳ್ಳಗಾಗಿತ್ತು,
ಝಾಡಿಸಾಕ ಹೋದ ಕೈ ಹಿಂದ ತಗೊಂಡೆ.
ಇರಲಿ, ಅದೂ ಒಂದು ಪುರಾವೆ.

ಕಡೀಕ ಹಿಟ್ಟು ತೂಗಿದ್ರು.
ಹಾಕಿದ್ದಕ್ಕಿಂತ ಒಂದು ಮುಟಗಿ ಕಮ್ಮಿ ಬಂತಲ್ಲ, ಅಂದ್ರು.
ಅದು ಗಿರಣಿ ಪಾಲು,
ಅಂದೆವು, ಇಬ್ರೂ, ಒಂದೇ ಸಲಕ್ಕ.

ಎಂಟು ತಿಂಗಳಿನಾಗ ಒಂದೇ ಮಾತು ಒಪ್ಪಿದ್ದು ಅದೊಂದು.
ಅವ ಬೆಲ್ಟು ನೋಡಿಕೊಂತ ನಿಂತ.
ನಾ ತಕ್ಕಡಿ ಮುಳ್ಳು ನೋಡಿಕೊಂತ ನಿಂತೆ.
ಅದನ್ನ ಯಾರ ಕಡೆ ಬರೀಲಿ? ಮೇಡಂ ಕೇಳಿದ್ರು,
ನಗಲಿಲ್ಲ, ಖರೇನೇ ಕೇಳಿದ್ರು.

ಶಟರ್ ಎಡಗಡೆ ಸಿಕ್ಕೋತದ, ಮೊದಲಿಂದ.
ಎಡಗಡೆ ನಾ ಹಿಡದೆ.
ಮುಂದಿನ ತಾರೀಖು ಜೂನ್ ಒಂಬತ್ತು.
ಅಷ್ಟರಾಗ ಕಲ್ಲಿಗೆ ಟಾಕಿ ಹಾಕಸಬೇಕು,
ಯಾರ ಪಾಲಿಗೆ ಬಂದ್ರೂ.