ಕಂಡುಬಂದಿಲ್ಲ

ಕುಕ್ಕರಹಳ್ಳಿ ಕೆರೆಯ ಏರಿಯಿಂದ ಕೂಗಳತೆಯಲ್ಲಿ
ನಮ್ಮ ಪ್ರಯೋಗಾಲಯದ ನೆಲಮಾಳಿಗೆ.
ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಹತ್ತುವಷ್ಟರಲ್ಲಿ
ಒಂದು ಸಾಲು ಟೈಪು ಮಾಡಿ ಮುಗಿಸಿರುತ್ತೇನೆ:
ಬಾವಿ ಸಂಖ್ಯೆ ಹದಿನೇಳು. ಆಳ ಇನ್ನೂರ ಹನ್ನೆರಡು ಮೀಟರು.
ಶಿಲೆ ಸುಣ್ಣಗಲ್ಲು, ಬಿರುಕುಂಟು.
ಟ್ರಿಷಿಯಂ: ಕಂಡುಬಂದಿಲ್ಲ.

ಯಾವುದೋ ದೇಶದ ಮರುಭೂಮಿ. ಅದರ ಹೆಸರನ್ನು
ಚೆಲುವಾಂಬ ಮೇಡಂ ಒಂದು ಥರ ಓದುತ್ತಾರೆ, ನಾನೊಂದು ಥರ.
ಅಲ್ಲಿ ನೆಲದೊಳಗೆ ಬಾಂಬು ಸಿಡಿಸಿದರಂತೆ,
ನಾನು ಹುಟ್ಟುವ ಮೊದಲು, ಇಪ್ಪತ್ತಾರು ಸಲ.
ಪ್ರತಿ ಸಲವೂ ಬಂಡೆ ಕರಗಿ ಪಾಕವಾಗಿ
(ಆಲೆಮನೆ ಕೊಪ್ಪರಿಗೆಯಲ್ಲಿ ಬೆಲ್ಲ ಹದಕ್ಕೆ ಬಂದ ಹಾಗೆ
ಅಂತ ನನಗೆ ನಾನೇ ಹೇಳಿಕೊಂಡೆ)
ಆಮೇಲೆ ಗಾಜಾಗಿ ಕೂತಿತು.
ಮೇಲಿನ ನೆಲ ಒಂದು ಗಳಿಗೆ ಯೋಚಿಸಿ
ಕುಸಿಯಿತು.

ಬೇರೆಯವೆಲ್ಲ ನೀರಿನಲ್ಲಿ ಬೆರೆತಿರುತ್ತವೆ, ಅಂದರು ಮೇಡಂ,
ಟ್ರಿಷಿಯಂ ಹಾಗಲ್ಲ, ಅದು ನೀರೇ ಆಗಿಬಿಡುತ್ತದೆ.
ಸೋಸಿದರೆ ಬಟ್ಟೆ ದಾಟಿ ಬರುತ್ತದೆ,
ಕಾಯಿಸಿದರೆ ಆವಿಯಲ್ಲಿ ಏಳುತ್ತದೆ.
ಹನ್ನೆರಡು ವರ್ಷಕ್ಕೆ ಅರ್ಧ,
ಇನ್ನು ಹನ್ನೆರಡಕ್ಕೆ ಅರ್ಧದಲ್ಲಿ ಅರ್ಧ.
ಅರ್ಧಾಯುಷ್ಯ ಅನ್ನುತ್ತಾರೆ ಅದಕ್ಕೆ.
ಆ ಮಾತನ್ನು ನಾನು ಮೊದಲು ಕೇಳಿದ್ದು
ಅಣ್ಣ ಹೋದ ದಿನ, ಅಂಗಳದಲ್ಲಿ.

ಪುಟದುದ್ದಕ್ಕೂ ಕಂಡುಬಂದಿಲ್ಲ, ಕಂಡುಬಂದಿಲ್ಲ.
ಒಂದು ಮಧ್ಯಾಹ್ನ ಬುತ್ತಿ ಉಂಡು ಕಣ್ಣೆಳೆಯುವ ಹೊತ್ತಲ್ಲಿ
ಬೇಸತ್ತು ‘ಇಲ್ಲ’ ಅಂತ ಹೊಡೆದೆ. ಎರಡೇ ಅಕ್ಷರ.
ಮೇಡಂ ಹಿಂದಿನಿಂದ ಬಂದು ಅಳಿಸಿದರು.
“ಇಲ್ಲ ಅನ್ನೋಕೆ ನಾವ್ಯಾರು?
ಯಂತ್ರಕ್ಕೆ ಕಾಣಲಿಲ್ಲ. ಅಷ್ಟು ಹೇಳಬಹುದು.”

ನಮ್ಮಪ್ಪ ನೀರುಗಂಟಿಯಾಗಿದ್ದ, ಮಳವಳ್ಳಿ ಕಡೆಯ ತೂಬುಗಳಿಗೆ.
ಕಟ್ಟೆಯಿಂದ ನೀರು ಬಿಟ್ಟ ಸುದ್ದಿ ರೇಡಿಯೋದಲ್ಲಿ ಬಂದರೆ
ಕೊನೆಭಾಗದವರು ಆವತ್ತೇ ಬಂದು ಏರಿ ಮೇಲೆ ಕೂರೋರು.
ನಾಲೆಯ ಮಣ್ಣು ಒಡೆದು
ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿರೋದು.
ಒಬ್ಬರು ಬೈಯೋರು, ಒಬ್ಬರು ಬೀಡಿ ಹಚ್ಚೋರು,
ಒಬ್ಬರು ಅಪ್ಪನ ಜಾತಕ ಜಾಲಾಡೋರು.
ಅಪ್ಪ ಬರಿಗಾಲಲ್ಲಿ ಇಳಿದು, ಹಿಮ್ಮಡಿ ಊರಿ ನೋಡಿ
ತಣ್ಣಗೆ ಹೇಳೋನು:
“ಬುಟ್ಟವ್ರೆ ಕಣ್ರಪ್ಪ. ಬಂದಿಲ್ಲ, ಅಷ್ಟೇಯ.”
ಏಳನೆಯದೋ ಎಂಟನೆಯದೋ ದಿನ ಮೊದಲು ನೊರೆ ಬರೋದು,
ತರಗು, ಯಾರದೋ ಒಂಟಿ ಚಪ್ಪಲಿ,
ಆಮೇಲೆ ನೀರು.

ಕುಸಿದ ಗುಂಡಿಗೂ ಹದಿನೇಳನೇ ಬಾವಿಗೂ ನಡುವೆ
ಹನ್ನೊಂದು ಕಿಲೋಮೀಟರು.
ಆ ಕಲ್ಲಿನ ಬಿರುಕುಗಳಲ್ಲಿ ನೀರು ವರ್ಷಕ್ಕೆ ಎಷ್ಟು ದೂರ ನಡೆಯುತ್ತದೆ?
ಒಬ್ಬ ಬರೆದಿದ್ದಾನೆ, ಒಂದು ಮೊಳದಷ್ಟು.
ಇನ್ನೊಬ್ಬನ ಲೆಕ್ಕಕ್ಕೆ ಒಂದು ಫರ್ಲಾಂಗು.
ಮೂರನೆಯವ ಪ್ರಶ್ನೆಚಿಹ್ನೆ ಹಾಕಿ
ಅದನ್ನೂ ಹೊಡೆದುಹಾಕಿದ್ದಾನೆ.
ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ
ನನಗೆ ನೆನಪಾಗುವುದು ಅವನು. ಆ ಗೀಟಿನ ಒತ್ತಡ.

ಮೊನ್ನೆ ಷರಾ ಬರೆಯುವ ಜಾಗದಲ್ಲಿ, ಹದಿನೇಳರ ಎದುರಿಗೆ,
ಅಪ್ಪನ ಮಾತನ್ನು ಗ್ರಂಥಸ್ಥ ಮಾಡಿ ಟೈಪಿಸಿದೆ:
ಬಿಟ್ಟಿದ್ದಾರೆ. ಬಂದಿಲ್ಲ.
ಮೇಡಂ ಕನ್ನಡಕ ಏರಿಸಿ ಓದಿದರು. ಏನೂ ಅನ್ನಲಿಲ್ಲ.
ಅಳಿಸಿದರೋ ಇಲ್ಲವೋ, ಆ ಕಡತ ಈಗ ನನ್ನ ಹತ್ತಿರ ಇಲ್ಲ.

ರಾತ್ರಿ ಫೋನು ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ.
ಬಾಂಬು, ಗಾಜು, ಬಿರುಕು, ಮೊಳ, ಫರ್ಲಾಂಗು.
ಊಂಗುಟ್ಟಿದ. ಕೆಮ್ಮಿದ.
“ಅದ್ಸರಿ ಕಣವ್ವ,
ಅಲ್ಲಿ ಕೊನೆಭಾಗ್ದಲ್ಲಿ ಯಾರವ್ರೆ?”

ನಲವತ್ತೊಂದು ಕಾಲಂಗಳನ್ನು ಮನಸ್ಸಿನಲ್ಲೇ
ಎಡದಿಂದ ಬಲಕ್ಕೆ ಸರಿಸುತ್ತ ಹೋದೆ.
ಆಳ. ಶಿಲೆ. ಉಷ್ಣತೆ. ಉಪ್ಪು. ದೂರ. ತಾರೀಖು.
ಆ ಕಡೆ ಅಪ್ಪ ಕಾಯುತ್ತಿದ್ದ.
ಯಾರದೋ ಗದ್ದೆಯ ಪಂಪು ಬಡಿದುಕೊಳ್ಳುತ್ತಿತ್ತು.